ಬಸಿರಿನ ಬಿ.ಪಿ. ಮತ್ತು ಹಾರ್ಮೋನಿನ ವೇಷದ ಪ್ರತಿಕಾಯ

ಗರ್ಭಿಣಿಯ ದೇಹವು ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿನೊಂದಿಗೆ ವರ್ತಿಸುವ ರೀತಿ ವಿಚಿತ್ರವಾದದ್ದು. ರಕ್ತನಾಳಗಳನ್ನು ಬಿಗಿದು ಒತ್ತಡವನ್ನು ಏರಿಸುವುದು ಅದರ ಕೆಲಸ. ಬಸಿರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆದರೂ ಆರೋಗ್ಯವಂತ ಗರ್ಭಿಣಿಯ ರಕ್ತದೊತ್ತಡ ಏರುವುದಿಲ್ಲ, ನಡುವಿನ ತಿಂಗಳುಗಳಲ್ಲಿ ತುಸು ಇಳಿಯುವುದೂ ಉಂಟು. ಅಮೆರಿಕದ ಡಲ್ಲಾಸ್‌ನಲ್ಲಿ ಚೊಚ್ಚಲ ಗರ್ಭಿಣಿಯರಿಗೆ ಈ ಹಾರ್ಮೋನನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದ ವೈದ್ಯರು 1973ರಲ್ಲಿ ವರದಿ ಮಾಡಿದಂತೆ, ಮುಂದೆಯೂ ಆರೋಗ್ಯವಾಗಿಯೇ ಉಳಿದವರು ಅದನ್ನು ಸಲೀಸಾಗಿ ತಾಳಿಕೊಂಡರು. ಮುಂದೆ ಏರೊತ್ತಡಕ್ಕೆ ತುತ್ತಾದವರಲ್ಲಿ ಈ ತಾಳಿಕೆ, ಬಿ.ಪಿ. ಏರುವುದಕ್ಕೆ ಎಷ್ಟೋ ವಾರ ಮೊದಲೇ ಕುಂದಿತ್ತು.

ಇಪ್ಪತ್ತು ವಾರ ತುಂಬಿದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವ ಅಥವಾ ಯಕೃತ್ತು, ಮೂತ್ರಪಿಂಡ, ಮಿದುಳುಗಳಿಗೆ ತೊಂದರೆಯಾಗುವ ಸ್ಥಿತಿಯನ್ನು ವೈದ್ಯರು ಪ್ರೀ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಬಸಿರಿನಲ್ಲಿ ಕಾಣುವ ಏರೊತ್ತಡವೆಲ್ಲ ಇದಲ್ಲ. ಮೊದಲಿನಿಂದಲೇ ಬಿ.ಪಿ. ಇದ್ದವರ ಕಥೆ ಬೇರೆ, ಮತ್ತು ಈ ವ್ಯತ್ಯಾಸವು ಮುಂದಿನ ಮಾತಿಗೆ ಮುಖ್ಯವಾಗುತ್ತದೆ.

1999ರಲ್ಲಿ ಬರ್ಲಿನ್ನಿನ ಗೆರ್ಡ್ ವಲ್ಲುಕಾಟ್ ಮತ್ತು ಸಂಗಡಿಗರು ಪ್ರೀ-ಎಕ್ಲಾಂಪ್ಸಿಯಾ ಇದ್ದ 25 ಮಹಿಳೆಯರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಆಗತಾನೆ ಹುಟ್ಟಿದ ಇಲಿಮರಿಗಳ ಹೃದಯದಿಂದ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿದರು. ತಟ್ಟೆಯಲ್ಲಿ ತಾವಾಗಿಯೇ ಮಿಡಿಯುತ್ತಿದ್ದ ಆ ಜೀವಕೋಶಗಳ ಮಿಡಿತ, ಇಪ್ಪತ್ತೈದೂ ಮಹಿಳೆಯರ ಪ್ರತಿಕಾಯಗಳಿಗೆ, ಆಂಜಿಯೊಟೆನ್ಸಿನ್ ಹಾಕಿದರೆ ಹೇಗೋ ಹಾಗೆಯೇ ವೇಗಗೊಂಡಿತು. ಆಂಜಿಯೊಟೆನ್ಸಿನ್‌ನ ಗ್ರಾಹಕವನ್ನು, ಎಂದರೆ ಜೀವಕೋಶದ ಮೇಲೆ ಆ ಹಾರ್ಮೋನು ಬಂದು ಕೂರುವ ಪ್ರೋಟೀನನ್ನು, ತಡೆಯುವ ಲೊಸಾರ್ಟಾನ್ ಔಷಧಿಯನ್ನು ಸೇರಿಸಿದಾಗ ಆ ಪರಿಣಾಮ ನಿಂತುಹೋಯಿತು. ಒತ್ತಡ ಸರಿಯಿದ್ದ ಗರ್ಭಿಣಿಯರ ಪ್ರತಿಕಾಯಗಳಾಗಲಿ, ಮೊದಲಿನಿಂದ ಬಿ.ಪಿ. ಇದ್ದ ಗರ್ಭಿಣಿಯರ ಪ್ರತಿಕಾಯಗಳಾಗಲಿ ಇಂಥ ಪರಿಣಾಮವನ್ನು ತೋರಲಿಲ್ಲ.

ಪ್ರತಿಕಾಯವೆಂದರೆ ಶತ್ರುವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನ್ ಎಂದು ತರಗತಿಯಲ್ಲಿ ಹೇಳಿ ಹೇಳಿ ರೂಢಿಯಾದ ನನ್ನಂಥವರಿಗೆ, ಅದು ಗ್ರಾಹಕಕ್ಕೆ ಅಂಟಿಕೊಂಡು ಹಾರ್ಮೋನಿನ ಕೆಲಸವನ್ನೇ ಮಾಡಬಲ್ಲದು ಎಂಬುದು ಬೆರಗಿನ ವಿಷಯ. ಇದಕ್ಕೆ ಪೂರ್ವನಿದರ್ಶನವಿಲ್ಲದೆ ಇಲ್ಲ: ಗ್ರೇವ್ಸ್ ಕಾಯಿಲೆಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುವುದೂ ಇಂಥದೇ ಪ್ರತಿಕಾಯ. ಆಂಜಿಯೊಟೆನ್ಸಿನ್ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ಪ್ರತಿಕಾಯವಾದರೋ ವಾರಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದು. ಪ್ರೀ-ಎಕ್ಲಾಂಪ್ಸಿಯಾದ ಪ್ರತಿಕಾಯವು ಆಂಜಿಯೊಟೆನ್ಸಿನ್‌ನ ಗ್ರಾಹಕದ ಹೊರಮೈಯಲ್ಲಿ ಚಾಚಿಕೊಂಡ ಎರಡನೆಯ ಕುಣಿಕೆಯ ಏಳು ಅಮೈನೋ ಆಮ್ಲಗಳ ತುಣುಕನ್ನು ಹಿಡಿಯುತ್ತದೆ.

ಆದರೆ ಕಾಯಿಲೆಯವರ ರಕ್ತದಲ್ಲಿ ಇದೆ ಎಂದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎನ್ನಲಾಗದು. ಈ ಆಕ್ಷೇಪಕ್ಕೆ ಸಿಕ್ಕ ಅತ್ಯಂತ ಗಟ್ಟಿಯಾದ ಉತ್ತರ ಹ್ಯೂಸ್ಟನ್ನಿನ ಪ್ರಯೋಗಾಲಯದ್ದು. ಅಲ್ಲಿಯ ಸಂಶೋಧಕರು ರೋಗಿಗಳ ಪ್ರತಿಕಾಯಗಳನ್ನು ಗಬ್ಬದ ಇಲಿಗಳಿಗೆ ಚುಚ್ಚಿದಾಗ ಒತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು, ಮೂತ್ರಪಿಂಡ ಮತ್ತು ಮಾಸು ಎರಡರಲ್ಲೂ ಪ್ರೀ-ಎಕ್ಲಾಂಪ್ಸಿಯಾವನ್ನು ಹೋಲುವ ಹಾನಿ ತೋರಿತು. ಲೊಸಾರ್ಟಾನ್ ಕೊಟ್ಟರೂ, ಆ ಏಳು ಅಮೈನೋ ಆಮ್ಲಗಳ ತುಣುಕನ್ನೇ ಕೊಟ್ಟು ಪ್ರತಿಕಾಯವನ್ನು ದಾರಿ ತಪ್ಪಿಸಿದರೂ ಈ ಲಕ್ಷಣಗಳು ತಗ್ಗಿದವು. ಇದು 2008ರಲ್ಲಿ ಪ್ರಕಟವಾಯಿತು.

ಹಾಗಿದ್ದರೂ ಪ್ರತಿಕಾಯವನ್ನು ಕಾಯಿಲೆಯ ಬೇರು ಎನ್ನಲು ನನಗೆ ಮನಸ್ಸು ಬಾರದು. ಮಿಸಿಸಿಪ್ಪಿಯ ಸಂಶೋಧಕರು ಗಬ್ಬದ ಇಲಿಗಳ ಗರ್ಭಕೋಶಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡಿದಾಗ, ಇಲಿಗಳ ದೇಹದಲ್ಲೇ ಈ ಪ್ರತಿಕಾಯಗಳು ಹುಟ್ಟಿಕೊಂಡವು. ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು ರಿಟುಕ್ಸಿಮ್ಯಾಬ್ ಔಷಧಿಯಿಂದ ತಗ್ಗಿಸಿದಾಗ ಒತ್ತಡವೂ ಇಳಿಯಿತು. ಎಂದರೆ ಮಾಸಿಗೆ ರಕ್ತ ಸಾಲದಾಗುವುದು ಮೊದಲು, ಪ್ರತಿಕಾಯ ಆಮೇಲೆ ಎಂಬ ಕ್ರಮವೂ ಸಾಧ್ಯ. ಪ್ರತಿಕಾಯವಾದರೋ ರಕ್ತನಾಳಗಳನ್ನು ಬಿಗಿಯುವುದಲ್ಲದೆ, ಮಾಸಿನಿಂದ ಎಸ್-ಫ್ಲಿಟ್-1 ಎಂಬ ಪ್ರೋಟೀನ್ ಹೆಚ್ಚಾಗಿ ಹೊರಬರುವಂತೆ ಮಾಡುತ್ತದೆ. ರಕ್ತನಾಳಗಳ ಒಳಪದರವನ್ನು ಕಾಯುವ ಬೆಳವಣಿಗೆಯ ಅಂಶಗಳನ್ನು ಈ ಪ್ರೋಟೀನ್ ಕಟ್ಟಿಹಾಕುತ್ತದೆ ಎಂಬುದನ್ನು ಅನಂತ್ ಕರುಮಂಚಿ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ್ದರು. ಹೀಗೆ ಹಾನಿಯಿಂದ ಹುಟ್ಟಿದ್ದೇ ಮತ್ತೆ ಹಾನಿಯನ್ನು ಹೆಚ್ಚಿಸುವ ಸುತ್ತು ಏರ್ಪಡುತ್ತದೆ ಎಂಬ ವಿವರಣೆಯೇ, ಪ್ರತಿಕಾಯವೊಂದನ್ನೇ ಅಪರಾಧಿಯನ್ನಾಗಿಸುವ ವಿವರಣೆಗಿಂತ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಮಾಸಿಗೆ ರಕ್ತ ಸರಿಯಾಗಿ ಹರಿಯದೆಯೂ ಪ್ರೀ-ಎಕ್ಲಾಂಪ್ಸಿಯಾ ಬಾರದ ಕೆಲವು ಗರ್ಭಿಣಿಯರಲ್ಲಿ ಈ ಪ್ರತಿಕಾಯ ಕಂಡುಬಂದಿರುವುದೂ ಇದಕ್ಕೆ ಹೊಂದುತ್ತದೆ.

ಇದನ್ನೆಲ್ಲ ಓದಿದ ಗರ್ಭಿಣಿಯೊಬ್ಬರು ಲ್ಯಾಬಿಗೆ ಹೋಗಿ ಈ ಪ್ರತಿಕಾಯದ ಪರೀಕ್ಷೆ ಮಾಡಿಸಿಕೊಳ್ಳಬಹುದೇ ಎಂದರೆ, ಇಲ್ಲ. ಜೀವಕೋಶಗಳ ಮಿಡಿತವನ್ನು ಎಣಿಸುವ ಪರೀಕ್ಷೆ ಸಂಶೋಧಕರ ಕೈಗೆ ಸರಿ, ದಿನನಿತ್ಯದ ಆಸ್ಪತ್ರೆಗೆ ಒಗ್ಗದು. ಲೊಸಾರ್ಟಾನ್ ಅಂತೂ ಬಸಿರಿನಲ್ಲಿ ನಿಷಿದ್ಧ, ಏಕೆಂದರೆ ಅದು ಶಿಶುವಿನ ಮೂತ್ರಪಿಂಡಗಳನ್ನು ಕೆಡಿಸುತ್ತದೆ; ಇಲಿಯಲ್ಲಿ ಗೆದ್ದ ಔಷಧಿಯನ್ನು ತಾಯಿಗೆ ಕೊಡುವಂತಿಲ್ಲ. ಸದ್ಯಕ್ಕೆ ವೈದ್ಯರ ಕೈಯಲ್ಲಿರುವುದು ಒತ್ತಡ ಇಳಿಸಲು ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ, ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್, ಹೆಚ್ಚು ಅಪಾಯವಿರುವವರಿಗೆ ಮೊದಲ ತ್ರೈಮಾಸಿಕದ ಕೊನೆಯಿಂದ ಕಡಿಮೆ ಪ್ರಮಾಣದ ಆಸ್ಪಿರಿನ್, ಮತ್ತು ಸರಿಯಾದ ಸಮಯಕ್ಕೆ ಹೆರಿಗೆ. ಇವೆಲ್ಲಕ್ಕೂ ಮೊದಲು, ಪ್ರತಿ ತಪಾಸಣೆಯಲ್ಲೂ ಬಿ.ಪಿ. ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವ ಸಾಮಾನ್ಯ ಕೆಲಸವಿದೆ.

ಹೆರಿಗೆಯ ನಂತರ ಪ್ರತಿಕಾಯಗಳು ಇಳಿಯುತ್ತವೆ, ಆದರೆ ಎಲ್ಲರಲ್ಲೂ ಮಾಯವಾಗುವುದಿಲ್ಲ. ಹೆರಿಗೆಯಾಗಿ ಒಂದು ವರ್ಷ ಕಳೆದ ಮೇಲೂ ಕೆಲವರ ರಕ್ತದಲ್ಲಿ ಅವು ಸಿಕ್ಕಿವೆ. ಪ್ರೀ-ಎಕ್ಲಾಂಪ್ಸಿಯಾ ಬಂದುಹೋದವರಿಗೆ ಮುಂದೆ ಏರೊತ್ತಡ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚು ಎಂಬುದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ಪ್ರತಿಕಾಯ ಉಳಿದುಕೊಂಡವರೇ ಆ ಅಪಾಯಕ್ಕೆ ಹೆಚ್ಚಾಗಿ ಒಳಗಾಗುವವರೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಬಾಣಂತನ ಮುಗಿದ ಮಹಿಳೆಯರನ್ನು ಹಲವು ವರ್ಷ ಬೆನ್ನುಹತ್ತಿ ಗಮನಿಸಬೇಕು, ಮತ್ತು ನಮ್ಮಲ್ಲಿ ಹೆರಿಗೆಯ ತಪಾಸಣೆ ಮುಗಿಯುತ್ತಲೇ ತಾಯಿಯ ಬಿ.ಪಿ. ನೋಡುವವರು ಯಾರೂ ಇರುವುದಿಲ್ಲ.