ಲೋಕ ನ್ಯಾಯವಾಗಿದೆ ಎಂಬ ನಂಬಿಕೆ ಮತ್ತು ಅದು ಕೊಡುವ ನೆಮ್ಮದಿ

2018ರ ಆಗಸ್ಟ್ ಮಳೆಗೆ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟ ಜರಿದು ಮನೆ, ತೋಟ, ಗದ್ದೆಗಳು ಮಣ್ಣಿನಡಿ ಹೋದ ಮೇಲೆ, ಜಿಲ್ಲೆಯ ಉಳಿದ ಕಡೆ ಕೂತವರು ಹೆಚ್ಚಾಗಿ ಕೇಳುತ್ತಿದ್ದ ಪ್ರಶ್ನೆ, ‘ಅವರು ಬರೆ ಕಡಿದು ಮನೆ ಕಟ್ಟಿದ್ದೇಕೆ?’ ಎಂಬುದಾಗಿತ್ತು. ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಕಡಿದರೆ ಮಣ್ಣು ಸಡಿಲವಾಗುವುದು ನಿಜ, ಆ ಚರ್ಚೆ ಬೇಕಾದದ್ದೇ. ಆದರೆ ಕೇಳುವವರ ದನಿಯಲ್ಲಿ ಮಣ್ಣಿನ ವಿಚಾರಕ್ಕಿಂತ ಆ ಜನರ ಗುಣದ ವಿಚಾರವೇ ಹೆಚ್ಚಿರುತ್ತಿತ್ತು. ಹಾಗೆ ಕೇಳಿದ ಎಷ್ಟೋ ಮಂದಿಯ ಅಡುಗೆಮನೆಯ ಹಿಂದೆಯೂ ಅಷ್ಟೇ ಎತ್ತರದ ಬರೆ, ಟಾರ್ಪಾಲಿನ್ ಹೊದ್ದು ನಿಂತಿತ್ತು.

ಇದು ಕಲ್ಲು ಮನಸ್ಸಿನವರ ಮಾತಲ್ಲ, ಹೆದರಿದವರ ಮಾತು. ಅಮೆರಿಕದ ಮನೋವಿಜ್ಞಾನಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉತ್ತರ ತಪ್ಪಿದಾಗಲೆಲ್ಲ ವಿದ್ಯುತ್ ಆಘಾತಕ್ಕೆ ಒಳಗಾಗುವಂತೆ ನಟಿಸಿದ ಯುವತಿಯೊಬ್ಬಳನ್ನು ವಿದ್ಯಾರ್ಥಿನಿಯರು ನೋಡಿದರು. ಅವಳ ಶಿಕ್ಷೆಯನ್ನು ನಿಲ್ಲಿಸುವ ಅವಕಾಶ ಸಿಕ್ಕಾಗ ಬಹುಪಾಲು ಮಂದಿ ನಿಲ್ಲಿಸಿದರು. ಶಿಕ್ಷೆ ಮುಂದುವರಿಯುತ್ತದೆ, ತಮ್ಮ ಕೈಯಲ್ಲೇನೂ ಇಲ್ಲ ಎಂದು ತಿಳಿದವರು ಅವಳ ಬಗ್ಗೆಯೇ ಹಗುರವಾದ ಅಭಿಪ್ರಾಯ ತಳೆದರು. ತಪ್ಪಿಲ್ಲದವರಿಗೂ ಕೇಡು ಬರುತ್ತದೆ ಎಂದು ಒಪ್ಪಿದರೆ ಅದು ನಮಗೂ ಬರಬಹುದೆಂದು ಒಪ್ಪಿದಂತಾಗುತ್ತದೆ, ಅದಕ್ಕಿಂತ ಅವರಲ್ಲೇ ಏನೋ ದೋಷವಿದೆ ಎಂದುಕೊಳ್ಳುವುದು ಸುಲಭ.

ಹಾಗಿದ್ದರೂ ಲೋಕ ನ್ಯಾಯವಾಗಿದೆ ಎಂಬ ಈ ನಂಬಿಕೆಯನ್ನು ಬರೀ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ಕ್ಲೌಡಿಯಾ ಡಾಲ್ಬರ್ಟ್ ಮೊದಲಾದವರು ‘ಲೋಕ ಎಲ್ಲರಿಗೂ ನ್ಯಾಯವಾಗಿದೆ’ ಎಂಬುದನ್ನೂ ‘ನನಗೆ ಸಲ್ಲಬೇಕಾದದ್ದು ಬಹುಮಟ್ಟಿಗೆ ಸಲ್ಲುತ್ತದೆ’ ಎಂಬುದನ್ನೂ ಬೇರೆಬೇರೆಯಾಗಿ ಅಳೆದರು. ಬದುಕಿನ ಬಗೆಗಿನ ತೃಪ್ತಿಯೊಂದಿಗೆ ಹೆಚ್ಚು ಹೊಂದಿಕೊಂಡದ್ದು ಎರಡನೆಯದು. ಕಷ್ಟದಲ್ಲಿರುವವರ ಬಗೆಗಿನ ಕಠಿಣ ಧೋರಣೆಯೊಂದಿಗೆ ಹೊಂದಿಕೊಂಡದ್ದು ಮೊದಲನೆಯದು.

ತೋಟ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂದು ನೆಟ್ಟ ರೊಬಸ್ಟಾ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಹೂಮಳೆ ಸಕಾಲಕ್ಕೆ ಬಿದ್ದು, ಅದರ ಹಿಂದೆಯೇ ಇನ್ನೊಂದು ಮಳೆಯೂ ಆಗಿ, ಕಾಯಿ ಕಟ್ಟಿದ ಮೇಲೆ ಆನೆ ನುಗ್ಗದೆ, ಕೊಯ್ಲಿಗೆ ಆಳು ಸಿಕ್ಕಿ, ಕಣದಲ್ಲಿ ಹರಡಿದ ಕಾಫಿ ಅಕಾಲ ಮಳೆಗೆ ನೆನೆಯದಿದ್ದರೆ ಮಾತ್ರ ದುಡ್ಡು. ಪಟ್ಟ ಶ್ರಮಕ್ಕೆ ಪ್ರತಿಫಲವಿದೆ ಎಂಬ ನಂಬಿಕೆಯಿಲ್ಲದವನು ಕಪಾತು ಮಾಡಲು, ಅಂದರೆ ರೆಂಬೆ ಸವರಲು, ಕತ್ತರಿಯನ್ನೇ ಎತ್ತಲಾರ. ಇದಕ್ಕಾಗಿ ಪಕ್ಕದ ತೋಟದವನ ನಷ್ಟ ಅವನ ಸೋಮಾರಿತನದ ಫಲವೆಂದು ನಂಬಬೇಕಾದ ಅಗತ್ಯವಿಲ್ಲ. ರೇಟು ಏರಿದ ವರ್ಷ ನಮ್ಮ ಜಾಣತನ, ಇಳಿದ ವರ್ಷ ಮಾರುಕಟ್ಟೆಯ ಮೋಸ ಎಂಬ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ, ಬಿಡಿ.

ಇಲ್ಲಿ ನನಗೊಂದು ಅನುಮಾನವೂ ಇದೆ. ನಂಬಿಕೆಯಿಂದ ನೆಮ್ಮದಿಯೋ, ನೆಮ್ಮದಿಯಾಗಿರುವವರಿಗೆ ಲೋಕ ನ್ಯಾಯವಾಗಿ ಕಾಣುತ್ತದೆಯೋ? ಬಂಗಲೆಯ ವರಾಂಡದಲ್ಲಿ ಕೂತು ‘ಬಿತ್ತಿದ್ದನ್ನೇ ಬೆಳೆಯುತ್ತೇವೆ’ ಎನ್ನುವುದು ಸುಲಭ; ತಲೆಮಾರುಗಳಿಂದ ಬೇರೆಯವರ ಮಣ್ಣಿನಲ್ಲಿ ಬಿತ್ತುತ್ತ ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಉಳಿದವರಿಗೆ ಆ ಮಾತು ಹೇಗೆ ಕೇಳಿಸೀತು? ಶಾಲಾ ಮಕ್ಕಳ ಅಧ್ಯಯನಗಳಲ್ಲಿ, ಮೇಷ್ಟರು ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂಬ ಅನುಭವಕ್ಕೂ ‘ನನಗೆ ಸಲ್ಲಬೇಕಾದದ್ದು ಸಲ್ಲುತ್ತದೆ’ ಎಂಬ ಈ ವೈಯಕ್ತಿಕ ನಂಬಿಕೆಗೂ ಸಂಬಂಧ ಕಂಡಿದೆ. ಎಂದರೆ, ಉಪದೇಶದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಇದು ನಡವಳಿಕೆಯಿಂದ ಹುಟ್ಟುತ್ತದೆಂದು ಕಾಣುತ್ತದೆ. ತೋಟ ಕಳೆದುಕೊಂಡು ಪುನರ್ವಸತಿ ಬಡಾವಣೆಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಯಾರೋ ‘ದೇವರು ಕೈಬಿಡಲಿಲ್ಲವಲ್ಲ’ ಎಂದಾಗ ಅವರು, ‘ದೇವರ ವಿಷಯ ಗೊತ್ತಿಲ್ಲಪ್ಪ. ಇಲ್ಲಿ ಎಲ್ಲರಿಗೂ ಒಂದೇ ಅಳತೆಯ ಮನೆ ಕೊಟ್ಟಿದ್ದಾರೆ, ಅಷ್ಟಂತೂ ಸರಿ’ ಎಂದಿದ್ದರು.