ರಾಟೆ ನಿಂತ ಗಳಿಗೆ

ಕಳೆದ ಭಾನುವಾರ ಸಂಜೆ ಮುಂಬಯಿಯ ಮಾಟುಂಗಾದಿಂದ ಅಕ್ಕನೊಡನೆ ನರೀಮನ್ ಪಾಯಿಂಟ್‌ನ ಎನ್‌ಸಿಪಿಎ ಕಲಾಕೇಂದ್ರಕ್ಕೆ ಹೋಗಿ, ಒಬ್ಬ ಸೊಪ್ರಾನೊ (ಅತಿ ಎತ್ತರದ ಸ್ತ್ರೀಕಂಠದ) ಗಾಯಕಿ ಮತ್ತು ಒಬ್ಬ ಪಿಯಾನೊ ವಾದಕರ ಜರ್ಮನ್ ಗೀತೆಗಳ ಕಛೇರಿಯನ್ನು ಕೇಳಿ ಬಂದೆ. ಮೈಕ್ ಇರಲಿಲ್ಲ, ಬರಿಯ ಕಂಠವೇ ಕೊನೆಯ ಸಾಲಿನವರೆಗೂ ತುಂಬಿತ್ತು.

ಕವಿತೆಯೊಂದಕ್ಕೆ ಸಂಗೀತಗಾರನು ಸ್ವರ ಹಾಕುವ ಈ ಜರ್ಮನ್ ಪ್ರಕಾರ, ಅಂದರೆ ಲೀಡ್, ನಮ್ಮ ಭಾವಗೀತೆಗೆ ಹತ್ತಿರದ್ದು. ಆದರೆ ಇಲ್ಲಿ ಪಿಯಾನೊ ಪಕ್ಕವಾದ್ಯವಲ್ಲ, ಅದೂ ಒಂದು ಪಾತ್ರ. ಸಂಗೀತ ರಚನಕಾರ ಶೂಬರ್ಟ್ 1814ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಪದ್ಯಕ್ಕೆ ರಚಿಸಿದ 'ರಾಟೆಯ ಮುಂದೆ ಗ್ರೆಟ್ಚೆನ್' ಗೀತೆಯನ್ನೇ ನೋಡಿ: ವಾದಕರ ಬಲಗೈ ಬಿಡುವಿಲ್ಲದೆ ಚಕ್ರವನ್ನು ತಿರುಗಿಸುತ್ತದೆ, ಎಡಗೈ ಕಾಲಿನಿಂದ ತುಳಿಯುವ ಹಲಗೆಯ ಲಯವನ್ನು ಹಿಡಿಯುತ್ತದೆ, ಅದರ ಮೇಲೆ ಮನಶ್ಶಾಂತಿ ಕಳೆದುಕೊಂಡ ಹುಡುಗಿಯೊಬ್ಬಳು ನೂಲುತ್ತ ತನ್ನವನನ್ನು ನೆನೆಯುತ್ತಾಳೆ. ಅವನ ಮುತ್ತಿನ ನೆನಪು ಬಂದೊಡನೆ ರಾಟೆ ನಿಂತುಬಿಡುತ್ತದೆ. ಆ ಮೌನದಲ್ಲಿ ಅಕ್ಕ ನನ್ನ ಕೈ ಹಿಡಿದಳು. ಜರ್ಮನ್ ಅವಳಿಗೆ ಒಂದಕ್ಷರವೂ ತಿಳಿಯದು. ಆಮೇಲೆ ಪಿಯಾನೊ ತಡವರಿಸುತ್ತ, ಒಮ್ಮೆ ಎಳೆದು, ಮತ್ತೆ ಎಳೆದು, ಚಕ್ರವನ್ನು ಪುನಃ ನಡೆಸಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಉತ್ತರಾರ್ಧದಲ್ಲಿ ಇನ್ನೊಬ್ಬ ರಚನಕಾರ ಶೂಮನ್‌ನ 1840ರ ಕೆಲವು ಗೀತೆಗಳಿದ್ದವು. ಅವೂ ಚೆನ್ನಾಗಿದ್ದವು, ಆದರೆ ನನ್ನ ಮನಸ್ಸು ಆ ರಾಟೆಯ ಬಳಿಯೇ ಉಳಿದಿತ್ತು. ಚರ್ಚ್‌ಗೇಟ್‌ನಿಂದ ಹೊರಟ ಲೋಕಲ್‌ನಲ್ಲಿ ಅಕ್ಕ ಆ ಬಲಗೈಯ ಸುತ್ತನ್ನೇ ಮೆಲ್ಲಗೆ ಗುನುಗುತ್ತಿದ್ದಳು.