ಪುಸ್ತಕದಲ್ಲಿದೆ, ಪರದೆಯಲ್ಲಿಲ್ಲ: ನನ್ನ ನಾವೆಲೈಸೇಶನ್ ಓದು ಎಲ್ಲಿಗೆ ಬಂತು

ಜನವರಿ

ಕಾದಂಬರಿ ಸಿನಿಮಾ ಆಗುವುದು ಎಲ್ಲರಿಗೂ ಗೊತ್ತು. ಈ ವರ್ಷ ನಾನು ಹಿಡಿದಿರುವುದು ಉಲ್ಟಾ ದಾರಿ: ಚಿತ್ರಕಥೆ ಮೊದಲು, ಅದನ್ನು ಮುಂದಿಟ್ಟುಕೊಂಡು ಯಾರೋ ಬರೆದುಕೊಟ್ಟ ಕಾದಂಬರಿ, ಅಂದರೆ ನಾವೆಲೈಸೇಶನ್, ಆಮೇಲೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹಾಲಿವುಡ್‌ನ ದೊಡ್ಡ ಸಿನಿಮಾ ತೆರೆಗೆ ಬಂತೆಂದರೆ ಅದರ ಬೆನ್ನಿಗೇ, ಎಷ್ಟೋ ಸಲ ಅದಕ್ಕಿಂತ ಮೊದಲೇ, ಜೇಬಿಗೆ ಹಿಡಿಸುವ ಪೇಪರ್‌ಬ್ಯಾಕ್ ಒಂದು ಬರುತ್ತಿತ್ತು. ಮುಖಪುಟದಲ್ಲಿ ಸಿನಿಮಾದ ಪೋಸ್ಟರ್, ಕೆಲವದರಲ್ಲಿ ನಡುವೆ ನಾಲ್ಕಾರು ಹಾಳೆ ಫೋಟೊ, ಲೇಖಕನ ಹೆಸರು ಎಲ್ಲೋ ಸಣ್ಣಕ್ಷರದಲ್ಲಿ. ವಿಮರ್ಶಕರಿಗೆ ಇವು ಸಿನಿಮಾದ ಬಾಲಂಗೋಚಿ, ಮೂಸಿಯೂ ನೋಡಲಿಲ್ಲ. ಓದುವವರು ಮಾತ್ರ ಲಕ್ಷಗಟ್ಟಲೆ ಕೊಂಡು ಓದಿದರು.

ನಿಯಮ ಇಷ್ಟೇ: ಪುಸ್ತಕ ಓದಿ ಮುಗಿಸುವವರೆಗೆ ಸಿನಿಮಾ ಹಾಕುವ ಹಾಗಿಲ್ಲ, ಎಷ್ಟು ಸಲ ನೋಡಿದ ಸಿನಿಮಾ ಆದರೂ ಸರಿ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಿದ್ದೇನೆ. ಒಂದು, ಪುಸ್ತಕದಲ್ಲಿದೆ ಪರದೆಯಲ್ಲಿಲ್ಲ. ಇನ್ನೊಂದು, ಪರದೆಯಲ್ಲಿದೆ ಪುಸ್ತಕದಲ್ಲಿಲ್ಲ.

ಶುರು ಮಾಡಿದ್ದು ‘ಸ್ಟಾರ್ ವಾರ್ಸ್’ನಿಂದ. ಪುಸ್ತಕ ಬಂದದ್ದು 1976ರ ಕೊನೆಯಲ್ಲಿ, ಸಿನಿಮಾ ಬಂದದ್ದು 1977ರ ಮೇ ತಿಂಗಳಲ್ಲಿ. ಮುಖಪುಟದ ಮೇಲೆ ಜಾರ್ಜ್ ಲ್ಯೂಕಾಸ್ ಹೆಸರಿದೆ; ಬರೆದವನು ಆಲನ್ ಡೀನ್ ಫಾಸ್ಟರ್. ಕಥಾನಾಯಕ ಲ್ಯೂಕ್‌ನ ಗೆಳೆಯ ಬಿಗ್ಸ್ ಊರಿಗೆ ಬಂದು ಮಾತಾಡಿ ಹೋಗುವ ಭಾಗ ಇಲ್ಲಿ ವಿಸ್ತಾರವಾಗಿದೆ, ಹಾಗಾಗಿ ಕೊನೆಯ ಯುದ್ಧದಲ್ಲಿ ಅವನು ಸತ್ತಾಗ ನಿಜಕ್ಕೂ ಚುರುಕ್ಕೆನ್ನುತ್ತದೆ. ಸಿನಿಮಾದಲ್ಲಿ ಆ ಮೊದಲಿನ ಭೇಟಿ ಇಲ್ಲ. ಪುಸ್ತಕದಲ್ಲಿ ಲ್ಯೂಕ್ ಹಾರುವುದು ಸಿನಿಮಾದ ಹಾಗೆ ಕೆಂಪು ಪಡೆಯಲ್ಲಲ್ಲ, ನೀಲಿ ಪಡೆಯಲ್ಲಿ. 1997ರ ಮರುಬಿಡುಗಡೆಯಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಹಚ್ಚಿ ಸೇರಿಸಿದ ಜಬ್ಬಾನ ದೃಶ್ಯ ಇಲ್ಲಿ ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿ ಕೂತಿದೆ.

ಮೊದಲ ಕಾಲಂ ಒಂದೇ ಪುಸ್ತಕಕ್ಕೆ ಪುಟ ದಾಟಿತು. ಕಾರಣ ಸರಳ. ಸಿನಿಮಾ ಬಿಡುಗಡೆಯ ಹೊತ್ತಿಗೆ ಪುಸ್ತಕ ಅಚ್ಚಾಗಿ ಮಾರಾಟಕ್ಕೆ ಸಿದ್ಧವಿರಬೇಕು, ಅಂದರೆ ಲೇಖಕ ತಿಂಗಳುಗಟ್ಟಲೆ ಮೊದಲೇ ಬರೆದು ಕೊಟ್ಟಿರಬೇಕು. ಅವನ ಕೈಯಲ್ಲಿರುವುದು ಚಿತ್ರಕಥೆಯ ಯಾವುದೋ ಹಳೆಯ ಕರಡು. ಅದಾದ ಮೇಲೆ ನಟರು ಮಾತು ಬದಲಿಸುತ್ತಾರೆ, ನಿರ್ಮಾಪಕ ಖರ್ಚು ಕಡಿತ ಮಾಡುತ್ತಾನೆ, ಸಂಕಲನದ ಮೇಜಿನ ಮೇಲೆ ಅರ್ಧ ಗಂಟೆಯ ಕಥೆ ಕಸದ ಬುಟ್ಟಿಗೆ ಹೋಗುತ್ತದೆ. ಪುಸ್ತಕಕ್ಕೆ ಇದ್ಯಾವುದೂ ಗೊತ್ತಿಲ್ಲ. ಸಿನಿಮಾವನ್ನು ನೆನಪಿಸಿಕೊಳ್ಳಲು ಇರುವ ಪುಸ್ತಕಗಳು ಎಂದುಕೊಂಡು ಹೊರಟಿದ್ದೆ. ಇವು ತೆರೆಗೆ ಬರದೇ ಹೋದ ಬೇರೆಯೇ ಸಿನಿಮಾಗಳ ದಾಖಲೆ.

ಫೆಬ್ರವರಿ

ಈ ತಿಂಗಳೆಲ್ಲ ‘ಏಲಿಯನ್’ (1979), ಬಾಹ್ಯಾಕಾಶದ ಹಡಗಿನೊಳಗೆ ಸೇರಿಕೊಂಡ ಅನ್ಯಗ್ರಹದ ಜೀವಿಯ ಕಥೆ. ಮತ್ತೆ ಫಾಸ್ಟರ್. ಈ ಮನುಷ್ಯ ‘ದಿ ಥಿಂಗ್’, ‘ಕ್ರಲ್’, ‘ಸ್ಟಾರ್‌ಮ್ಯಾನ್’, ‘ಏಲಿಯನ್ಸ್’ ಎಲ್ಲವನ್ನೂ ಬರೆದಿದ್ದಾನೆ. ಈ ಪ್ರಾಜೆಕ್ಟಿನಲ್ಲಿ ಇವನನ್ನು ತಪ್ಪಿಸಿಕೊಂಡು ಓಡಾಡುವುದು ಸಾಧ್ಯವಿಲ್ಲ.

ತಮಾಷೆ ಏನೆಂದರೆ, ಸ್ಟುಡಿಯೊದವರು ಅವನಿಗೆ ಆ ಜೀವಿಯ ವಿನ್ಯಾಸವನ್ನೇ ತೋರಿಸಲಿಲ್ಲ. ಎಚ್. ಆರ್. ಗೀಗರ್ ಬಿಡಿಸಿದ ಆ ಉದ್ದ ತಲೆ, ಬಾಯೊಳಗಿನ ಬಾಯಿ, ಇವತ್ತು ಯಾರು ಬೇಕಾದರೂ ಗುರುತಿಸುವ ಆಕಾರ; ಅದು ಹೇಗಿದೆ ಎಂದು ತಿಳಿಯದೆ ಅದರ ಬಗ್ಗೆ ಒಂದು ಇಡೀ ಕಾದಂಬರಿ ಬರೆಯಬೇಕು! ಅವನು ಏನು ಮಾಡಿದ ಎಂದು ನೋಡಲೆಂದೇ ಜೀವಿ ಬರುವ ಭಾಗಗಳನ್ನು ಮತ್ತೆ ಮತ್ತೆ ಓದಿದೆ. ವರ್ಣನೆ ಬರಬೇಕಾದ ಜಾಗದಲ್ಲಿ ನೋಡುತ್ತಿರುವವರ ಪ್ರತಿಕ್ರಿಯೆ ಇಟ್ಟಿದ್ದಾನೆ. ಹಡಗಿನ ಇಕ್ಕಟ್ಟು, ಸದ್ದು, ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ ಎಂಬ ಲೆಕ್ಕ, ಇದರಲ್ಲೇ ಪುಟ ಸಾಗುತ್ತದೆ. ಕಟ್ಟಿಹಾಕಿದ ಕೈಯಲ್ಲಿ ಬರೆದದ್ದು ಎಂದು ಗೊತ್ತಿಲ್ಲದೆ ಓದಿದರೆ ಇದು ಬುದ್ಧಿವಂತ ಸಂಯಮ ಎಂದೇ ಅನ್ನಿಸುತ್ತದೆ. ನನ್ನ ಮಟ್ಟಿಗೆ ಸಂಯಮವೇ, ಬಿಡಿ.

ಮೊದಲ ಕಾಲಂಗೆ ಸೇರಿದ್ದು: ಕೊನೆಯಲ್ಲಿ ನಾಯಕಿ ರಿಪ್ಲಿಗೆ ಕ್ಯಾಪ್ಟನ್ ಡಲ್ಲಾಸ್ ಗೂಡಿನಂಥ ಅಂಟಿನಲ್ಲಿ ಸಿಕ್ಕಿಕೊಂಡು ಇನ್ನೂ ಜೀವಂತವಾಗಿ ಸಿಗುತ್ತಾನೆ, ಕೊಂದುಬಿಡು ಎಂದು ಬೇಡುತ್ತಾನೆ. 1979ರ ಸಿನಿಮಾದಲ್ಲಿ ಇದನ್ನು ಕತ್ತರಿಸಿದ್ದರು. 2003ರ ಡೈರೆಕ್ಟರ್ಸ್ ಕಟ್‌ನಲ್ಲಿ, ಅಂದರೆ ನಿರ್ದೇಶಕನ ಮರುಸಂಕಲನದಲ್ಲಿ, ಅದು ವಾಪಸ್ ಬಂತು. ಅದಕ್ಕೂ ಮೊದಲು ಬಹುಕಾಲ ಸಾಮಾನ್ಯ ಓದುಗನಿಗೆ ಡಲ್ಲಾಸ್‌ನ ಗತಿ ಸಲೀಸಾಗಿ ತಿಳಿಯುತ್ತಿದ್ದದ್ದು ಈ ಪೇಪರ್‌ಬ್ಯಾಕಿನಿಂದ.

ಮಾರ್ಚ್

ಜಾರ್ಜ್ ಗೈಪ್ ಬರೆದ ಎರಡು. ‘ಗ್ರೆಮ್ಲಿನ್ಸ್’ನಲ್ಲಿ (1984) ಆ ಮುದ್ದು ಮೊಗ್ವಾಯ್ ಬೇರೊಂದು ಗ್ರಹದಲ್ಲಿ ತಯಾರಾದ ಪ್ರಾಣಿ ಎಂದು ವಿವರಣೆ ಕೊಟ್ಟಿದ್ದಾನೆ. ಸಿನಿಮಾದಲ್ಲಿ ಇದರ ಸುಳಿವೂ ಇಲ್ಲ. ‘ಬ್ಯಾಕ್ ಟು ದ ಫ್ಯೂಚರ್’ (1985) ಶುರುವಾಗುವುದು ಸಿನಿಮಾದ ಹಾಗೆ ಗಡಿಯಾರಗಳ ಟಿಕ್‌ಟಿಕ್‌ನಿಂದಲ್ಲ, ಶಾಲೆಯಲ್ಲಿ ತೋರಿಸುತ್ತಿರುವ ಅಣುಬಾಂಬ್ ಪರೀಕ್ಷೆಯ ಫಿಲ್ಮಿನಿಂದ. ಓದುವಾಗ ಇದೇನು ಎಡವಟ್ಟು ಎನ್ನಿಸುತ್ತದೆ. ಆದರೆ ಚಿತ್ರಕಥೆಯ ಹಳೆಯ ಕರಡುಗಳಲ್ಲಿ ಕ್ಲೈಮ್ಯಾಕ್ಸ್ ನಡೆಯುತ್ತಿದ್ದದ್ದೇ ಅಣು ಪರೀಕ್ಷೆಯ ಬಯಲಿನಲ್ಲಿ. ಖರ್ಚು ಕೈಮೀರುತ್ತದೆಂದು ಅದನ್ನು ಕೈಬಿಟ್ಟು ಊರಿನ ಗಡಿಯಾರ ಗೋಪುರಕ್ಕೆ ಸಿಡಿಲು ಹೊಡೆಸಿದರು. ಸಿನಿಮಾ ಆ ಹೊಗೆಯನ್ನು ಒರೆಸಿಕೊಂಡಿತು, ಪುಸ್ತಕಕ್ಕೆ ಆಗಲಿಲ್ಲ.

‘ಇ.ಟಿ.’ ಇನ್ನೂ ವಿಚಿತ್ರ. ಬರೆದವರು ವಿಲಿಯಂ ಕೋಟ್ಸ್‌ವಿಂಕಲ್, ಅಷ್ಟರಲ್ಲಾಗಲೇ ಹೆಸರು ಮಾಡಿದ್ದ ಕಾದಂಬರಿಕಾರ. ಪುಸ್ತಕದಲ್ಲಿ ಅನ್ಯಗ್ರಹದ ಜೀವಿ ಇ.ಟಿ.ಗೆ ದೊಡ್ಡ ಒಳಮನಸ್ಸಿದೆ, ವಯಸ್ಸಾದ ಸಸ್ಯಶಾಸ್ತ್ರಜ್ಞನ ಗೊಣಗಾಟವಿದೆ, ಮೇಲಾಗಿ ಅದಕ್ಕೆ ಆಸರೆ ಕೊಟ್ಟ ಹುಡುಗ ಎಲಿಯಟ್‌ನ ಅಮ್ಮನ ಮೇಲೆ ಮೌನ ಪ್ರೇಮವಿದೆ! ಹುಡುಗ ಅದನ್ನು ಕರೆತರಲು ಚೆಲ್ಲುವ ಮಿಠಾಯಿ ಸಿನಿಮಾದಲ್ಲಿ ರೀಸಸ್ ಪೀಸಸ್, ಪುಸ್ತಕದಲ್ಲಿ ಎಂ ಆಂಡ್ ಎಂಸ್. ಎಂ ಆಂಡ್ ಎಂಸ್ ಬಳಸಲು ಕಂಪನಿ ಒಪ್ಪಲಿಲ್ಲ, ಅದಕ್ಕೇ ಸಿನಿಮಾದಲ್ಲಿ ಬೇರೆ ಮಿಠಾಯಿ ಬಂತು. ಪುಸ್ತಕದಲ್ಲಿ ಹಳೆಯದೇ ಉಳಿದುಕೊಂಡಿತು.

ಒಂದು ಮೂರನೇ ಕಾಲಂ ಹಾಕಬೇಕಾಯಿತು: ಸಿನಿಮಾದಲ್ಲಿ ನೋಡಿದ್ದೇನೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದ, ಆದರೆ ಬರೀ ಓದಿದ್ದ ದೃಶ್ಯಗಳು. ಅದರಲ್ಲಿ ಎಷ್ಟಿವೆ ಎಂದು ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಓದಿದ ಪುಸ್ತಕ ಎಷ್ಟು ಸಲೀಸಾಗಿ ಕಣ್ಣಲ್ಲಿ ನೋಡಿದ ನೆನಪಾಗಿಬಿಡುತ್ತದೆ ಎಂಬುದಕ್ಕೆ ಆ ಕಾಲಂ ಸಾಕ್ಷಿ. ಈ ಪುಸ್ತಕಗಳ ಮೇಲೆ ಜನಕ್ಕಿರುವ ಸೆಳೆತದ ಗುಟ್ಟೂ ಅಲ್ಲೇ ಇದೆ ಅಂತ ನನ್ನ ಗುಮಾನಿ.

ಏಪ್ರಿಲ್

ಹಿಂದಕ್ಕೆ ಹೋದೆ. ಮೂಕಿ ಚಿತ್ರಗಳ ಕಾಲದಲ್ಲೂ ಇವು ಇದ್ದವು. ಸಿನಿಮಾದ ಸ್ಥಿರಚಿತ್ರಗಳನ್ನು ಸೇರಿಸಿ ಅಚ್ಚು ಹಾಕಿದ ಇವನ್ನು ಫೋಟೊಪ್ಲೇ ಆವೃತ್ತಿ ಎನ್ನುತ್ತಾರೆ. ಲಾನ್ ಚೇನಿ ನಟಿಸಿದ ‘ಲಂಡನ್ ಆಫ್ಟರ್ ಮಿಡ್‌ನೈಟ್’ 1927ರ ಸಿನಿಮಾ. ಅದರ ಕಡೆಯ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೊದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು ಎನ್ನಲಾಗುತ್ತದೆ. ಈಗ ಉಳಿದಿರುವುದು ಒಂದಷ್ಟು ಫೋಟೊ, ಚಿತ್ರಕಥೆ, ಮತ್ತೆ 1928ರಲ್ಲಿ ಮರೀ ಕೂಲಿಡ್ಜ್-ರಾಸ್ಕ್ ಬರೆದ ಕಾದಂಬರಿ. ನನ್ನ ನಿಯಮದ ಪ್ರಕಾರ ಪುಸ್ತಕ ಮುಗಿಸಿದೆ, ಸಿನಿಮಾ ಹಾಕಲು ಸಿನಿಮಾನೇ ಇಲ್ಲ. ಕಾಲಂ ಖಾಲಿ ಬಿಟ್ಟೆ.

ಇದೇ ಸಾಲಿಗೆ ಟಿವಿಯದ್ದಾದರೂ ‘ಡಾಕ್ಟರ್ ಹೂ’ ಸೇರಿಸಿಕೊಂಡೆ. ಬಿಬಿಸಿ ಅರವತ್ತರ ದಶಕದ ಎಷ್ಟೋ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತ್ತು. 1973ರಿಂದ ಟಾರ್ಗೆಟ್ ಪ್ರಕಾಶನ ಆ ಕಥೆಗಳನ್ನು ತೆಳ್ಳನೆಯ ಪುಸ್ತಕಗಳಾಗಿ ತಂದಿತು. ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಹೆಚ್ಚು ಬರೆದರು. ಮರುಪ್ರಸಾರ ಅಪರೂಪ, ಮನೆಯಲ್ಲಿ ವಿಡಿಯೊ ಇಲ್ಲ, ಹಾಗಿರುವಾಗ ಒಂದಿಡೀ ಪೀಳಿಗೆಯ ಮಕ್ಕಳಿಗೆ ಕಳೆದುಹೋದ ಕಂತು ಎಂದರೆ ಡಿಕ್ಸ್‌ನ ಗದ್ಯವೇ. ಅದು ಚುಟುಕು, ನೇರ, ಒಂದು ವಿಶೇಷಣವೂ ದಂಡಕ್ಕಿಲ್ಲ. ಫಾಸ್ಟರ್‌ಗಿಂತ ನನಗೆ ಇವರೇ ಹೆಚ್ಚು ಇಷ್ಟ.

ಈ ತಿಂಗಳ ನಿಧಿ ಮಾತ್ರ ಐಸಾಕ್ ಅಸಿಮೊವ್ ಬರೆದ ‘ಫೆಂಟಾಸ್ಟಿಕ್ ವಾಯೇಜ್’ (1966). ಜಲಾಂತರ್ಗಾಮಿಯೊಂದನ್ನು ಕಣಗಾತ್ರಕ್ಕೆ ಕುಗ್ಗಿಸಿ ರೋಗಿಯ ರಕ್ತನಾಳಕ್ಕೆ ಬಿಡುತ್ತಾರೆ, ಗಂಟೆಯೊಳಗೆ ಹೊರಬರದಿದ್ದರೆ ಮತ್ತೆ ಹಿಗ್ಗುತ್ತದೆ. ಸಿನಿಮಾದಲ್ಲಿ ಹಡಗನ್ನು ಬಿಳಿ ರಕ್ತಕಣ ನುಂಗುತ್ತದೆ, ಜನ ಹೊರಗೆ ಬರುತ್ತಾರೆ, ಶುಭಂ. ಅಸಿಮೊವ್‌ಗೆ ಇದು ನುಂಗಲಾರದ ತುತ್ತಾಯಿತು: ನುಂಗಿದರೂ ಅಣುಗಳು ಒಳಗೇ ಇವೆಯಲ್ಲ, ಹಿಗ್ಗಿದರೆ ರೋಗಿ ಛಿದ್ರ! ಅದಕ್ಕೇ ಪುಸ್ತಕದಲ್ಲಿ ಆ ರಕ್ತಕಣವನ್ನೂ ಹಡಗಿನ ಸಮೇತ ಹೊರಕ್ಕೆ ತರಿಸಿದ್ದಾನೆ. ಪುಸ್ತಕ ಸಿನಿಮಾಗಿಂತ ಮೊದಲೇ ಬಂದದ್ದರಿಂದ ಸಿನಿಮಾನೇ ಪುಸ್ತಕದಿಂದ ತೆಗೆದದ್ದು ಎಂದು ಬಹಳ ಜನ ನಂಬಿದರು.

ಮೇ

ಓದುವುದರ ಜೊತೆಗೆ ಒಂದು ಅಧ್ಯಾಯ ಬರೆದೂ ನೋಡೋಣ ಎಂದುಕೊಂಡೆ. ನಾನು ನೋಡೇ ಇಲ್ಲದ ಸಿನಿಮಾವೊಂದರ ಚಿತ್ರಕಥೆ ತೆಗೆದುಕೊಂಡೆ, ಫಾಸ್ಟರ್ ಕೂತ ಕುರ್ಚಿಯಲ್ಲಿ ಕೂತು ನೋಡುವ ಹಂಬಲ.

ಮೊದಲ ತೊಂದರೆ ಉದ್ದದ್ದು. ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷದ ಸಿನಿಮಾ. ನೂರಿಪ್ಪತ್ತು ಪುಟದ ಚಿತ್ರಕಥೆಯಲ್ಲಿ ಬಿಳಿ ಜಾಗವೇ ಜಾಸ್ತಿ. ಅದನ್ನು ಗದ್ಯ ಮಾಡಿದರೆ ಕಾದಂಬರಿಯ ಅರ್ಧಕ್ಕೂ ಬರುವುದಿಲ್ಲ. ಉಳಿದದ್ದನ್ನು ಎಲ್ಲಿಂದಾದರೂ ತರಬೇಕು.

ನನ್ನ ದೃಶ್ಯದಲ್ಲಿ ಇದ್ದದ್ದು ಇಷ್ಟು: ಹೆಂಗಸು ಬಾಗಿಲು ತೆಗೆಯುತ್ತಾಳೆ. ಹೊರಗೆ ನಿಂತವನನ್ನು ನೋಡುತ್ತಾಳೆ. ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಪರದೆಯ ಮೇಲೆ ಹತ್ತು ಸೆಕೆಂಡಿನ ಕೆಲಸ, ನಟಿಯ ಮುಖ ಎಲ್ಲವನ್ನೂ ಮುಗಿಸುತ್ತದೆ. ನನ್ನ ಹತ್ತಿರ ನಟಿ ಇಲ್ಲ. ಅವನು ಬರುತ್ತಾನೆಂದು ಅವಳಿಗೆ ಗೊತ್ತಿತ್ತೇ? ಸಿಟ್ಟೋ, ನಿರಾಳವೋ? ಕೈ ಇನ್ನೂ ಚಿಲಕದ ಮೇಲಿದೆಯೇ? ಒಂದೊಂದು ಪ್ರಶ್ನೆಗೂ ಒಂದೊಂದು ವಾಕ್ಯ ಉತ್ತರ ಬರೆದೆ. ಬಾಗಿಲು ತೆಗೆಯುವುದಕ್ಕೇ ಒಂದೂವರೆ ಪುಟ ಆಯಿತು. ಗೆಳತಿಗೆ ಓದಲು ಕೊಟ್ಟೆ. “ಚೆನ್ನಾಗಿದೆ ಕಣೋ, ಆದ್ರೆ ಇದ್ರಲ್ಲಿ ಯಾರೂ ಒಂದ್ ಗಳಿಗೆ ಯೋಚನೆ ನಿಲ್ಸೋದೇ ಇಲ್ವಲ್ಲ!” ಅಂದಳು.

ಇದು ಈ ಪ್ರಕಾರದ ಹುಟ್ಟುರೋಗ. ಸಿನಿಮಾದ ಮೌನವನ್ನು ಪುಸ್ತಕ ಮಾತಿನಿಂದ ತುಂಬಿಬಿಡುತ್ತದೆ. ಒಳ್ಳೆಯ ಲೇಖಕರು ಆ ಜಾಗದಲ್ಲಿ ತಮ್ಮದೇ ಕಾದಂಬರಿ ಬೆಳೆಸುತ್ತಾರೆ. ‘ಸ್ಟಾರ್ ವಾರ್ಸ್’ ಸರಣಿಯ 2005ರ ‘ರಿವೆಂಜ್ ಆಫ್ ದ ಸಿತ್’ಗೆ ಮ್ಯಾಥ್ಯೂ ಸ್ಟೋವರ್ ಮಾಡಿದ್ದು ಅದನ್ನೇ, ಸಿನಿಮಾ ಇಷ್ಟವಾಗದವರೂ ಆ ಪುಸ್ತಕವನ್ನು ಹೊಗಳುತ್ತಾರೆ. ಆದರೆ ಅಷ್ಟು ಸಡಿಲ ಎಲ್ಲರಿಗೂ ಸಿಗುವುದಿಲ್ಲ. ಮ್ಯಾಕ್ಸ್ ಆಲನ್ ಕಾಲಿನ್ಸ್ ‘ರೋಡ್ ಟು ಪರ್ಡಿಶನ್’ ಗ್ರಾಫಿಕ್ ಕಾದಂಬರಿಯನ್ನು ತಾನೇ ಬರೆದವನು. ಅದು 2002ರಲ್ಲಿ ಸಿನಿಮಾ ಆದಾಗ ನಾವೆಲೈಸೇಶನ್ ಕೆಲಸವೂ ಅವನಿಗೇ ಬಂತು. ಚಿತ್ರಕಥೆಯಲ್ಲಿಲ್ಲದ್ದನ್ನೆಲ್ಲ ತೆಗೆಯಿರಿ ಎಂದರು, ಪುಸ್ತಕ ಮೊಟಕಾಯಿತು. ತನ್ನದೇ ಪಾತ್ರಗಳ ಬಗ್ಗೆ ತನಗೆ ತೋಚಿದ್ದು ಬರೆಯುವ ಹಾಗಿಲ್ಲ! ಅವನ ಪೂರ್ಣ ಪಠ್ಯ ಅಚ್ಚಾದದ್ದು 2016ರಲ್ಲಿ.

ಜೂನ್

ಹಾಗಾದರೆ ಇವು ಏಕೆ ಮಾಯವಾದವು? ವಿಡಿಯೊ ಕ್ಯಾಸೆಟ್ ಬಂದು ಕೊಂದಿತು ಎನ್ನುವುದು ಸುಲಭದ ಉತ್ತರ. ನನ್ನ ಕಪಾಟು ಒಪ್ಪುತ್ತಿಲ್ಲ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟೂ ಬೆಳೆಯಿತು, ಈ ಪುಸ್ತಕಗಳೂ ಬೆಳೆದವು. ಕ್ಯಾಸೆಟ್ ಕೊಡುತ್ತಿದ್ದದ್ದು ಸಿನಿಮಾವನ್ನು, ಪುಸ್ತಕ ಕೊಡುತ್ತಿದ್ದದ್ದು ಸಿನಿಮಾದಲ್ಲಿ ಇಲ್ಲದ್ದನ್ನು. ನಿಜವಾದ ಪೆಟ್ಟು ಕೊಟ್ಟದ್ದು ಡಿವಿಡಿ. ಕತ್ತರಿಸಿದ ದೃಶ್ಯ, ನಿರ್ದೇಶಕನ ವ್ಯಾಖ್ಯಾನ, ಎಲ್ಲ ಒಂದೇ ತಟ್ಟೆಯಲ್ಲಿ ಬಂದಾಗ ನನ್ನ ಮೊದಲ ಕಾಲಂನ ಸರಕಿಗೆ ಬೆಲೆ ಇಳಿಯಿತು.

ಅದರ ಮೇಲೆ ಕಥೆ ಸೋರಿಬಿಡುವ ಭಯ. ಇದಕ್ಕೂ ಫಾಸ್ಟರ್‌ನೇ ಸಾಕ್ಷಿ. 1976ರಲ್ಲಿ ಅವನ ‘ಸ್ಟಾರ್ ವಾರ್ಸ್’ ಸಿನಿಮಾಗಿಂತ ಅರ್ಧ ವರ್ಷ ಮೊದಲು ಬಂದು ಕಥೆಯನ್ನೆಲ್ಲ ಹೇಳಿತು, ಯಾರೂ ಗೊಣಗಲಿಲ್ಲ. 2015ರಲ್ಲಿ ಅದೇ ಫಾಸ್ಟರ್ ಅದೇ ಸರಣಿಯ ‘ದ ಫೋರ್ಸ್ ಅವೇಕನ್ಸ್’ ಬರೆದಾಗ ಇ-ಪುಸ್ತಕ ಸಿನಿಮಾ ಬಿಡುಗಡೆಯ ದಿನವೇ ಬಂತು, ಅಚ್ಚಾದ ಪ್ರತಿ ಮರುವರ್ಷದ ಜನವರಿಗೆ. ಅದರ ಮುಂದಿನ ಎರಡು ಭಾಗಗಳ ಕಾದಂಬರಿಗಳು ಸಿನಿಮಾ ಬಂದು ತಿಂಗಳುಗಳಾದ ಮೇಲೆ, ಸಿನಿಮಾ ಬಿಟ್ಟ ಸಂದುಗಳನ್ನು ತುಂಬುವ ಕೆಲಸಕ್ಕೆ. ಸಿನಿಮಾ ಮುಗಿದ ಮೇಲೆ ಬರುವ ಪುಸ್ತಕದಲ್ಲಿ ನೀಲಿ ಪಡೆ ಇರುವುದಿಲ್ಲ, ತಪ್ಪು ಮಿಠಾಯಿ ಇರುವುದಿಲ್ಲ. ಅಚ್ಚುಕಟ್ಟಾಗಿರುತ್ತದೆ. ನನಗೆ ಬೇಕಾದದ್ದೇ ಇರುವುದಿಲ್ಲ.

ಈಗಲೂ ಟೈಟನ್ ಬುಕ್ಸ್‌ನಂಥವರು ಒಂದಷ್ಟು ತರುತ್ತಿದ್ದಾರೆ, ನಿಂತೇ ಹೋಗಿದೆ ಎನ್ನಲಾಗದು. 2021ರಲ್ಲಿ ಕ್ವೆಂಟಿನ್ ಟ್ಯಾರಂಟಿನೊ ತನ್ನದೇ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ ಸಿನಿಮಾವನ್ನು ಕಾದಂಬರಿ ಮಾಡಿ, ಎಪ್ಪತ್ತರ ದಶಕದ ಪೇಪರ್‌ಬ್ಯಾಕಿನದೇ ವೇಷ ಹಾಕಿಸಿದ. ಸಿನಿಮಾದ ಆ ರಕ್ತಸಿಕ್ತ ಕ್ಲೈಮ್ಯಾಕ್ಸನ್ನು ನಡುವೆಲ್ಲೋ ಒಂದೆರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ. ಹಳೆಯ ಹೊಟ್ಟೆಪಾಡಿನ ಲೇಖಕರು ಇಂಥ ಧೈರ್ಯ ಮಾಡಿದ್ದರೆ ಸಂಭಾವನೆ ವಾಪಸ್ ಕೊಡಬೇಕಾಗುತ್ತಿತ್ತು.

ನನ್ನ ಅಧ್ಯಾಯದ ಎರಡನೇ ಕರಡು ನಡೆಯುತ್ತಿದೆ. ಒಳಮಾತನ್ನೆಲ್ಲ ಕಿತ್ತು ಹಾಕಿ ಡಿಕ್ಸ್ ಶೈಲಿಯಲ್ಲಿ ಬರೆಯುತ್ತಿದ್ದೇನೆ. ಬಾಗಿಲು ಈಗ ಎರಡು ಸಾಲಿನಲ್ಲಿ ತೆರೆಯುತ್ತದೆ, ಆದರೆ ಅಧ್ಯಾಯ ಮೂರು ಪುಟಕ್ಕೆ ಇಳಿದಿದೆ. ಓದಿನ ಸರದಿಯಲ್ಲಿ ಮುಂದಿರುವುದು ಡೇವಿಡ್ ಮೊರೆಲ್. 1972ರ ‘ಫಸ್ಟ್ ಬ್ಲಡ್’ ಕಾದಂಬರಿಯಲ್ಲಿ ಈತ ರ‍್ಯಾಂಬೊನನ್ನು ಕೊಂದಿದ್ದ. 1982ರ ಸಿನಿಮಾ ಅವನನ್ನು ಬದುಕಿಸಿಕೊಂಡಿತು. 1985ರಲ್ಲಿ ಎರಡನೇ ಸಿನಿಮಾದ ನಾವೆಲೈಸೇಶನ್ ಬರೆಯಲು ಮೊರೆಲ್‌ನೇ ಕೂತ, ಪುಸ್ತಕದ ಮೊದಲಿಗೇ ಟಿಪ್ಪಣಿ ಹಾಕಿದ: ನನ್ನ ಕಾದಂಬರಿಯಲ್ಲಿ ಸತ್ತ, ಸಿನಿಮಾದಲ್ಲಿ ಬದುಕಿದ್ದಾನೆ. ಅಷ್ಟೇ ಸಮಜಾಯಿಷಿ. ಮೊದಲ ಅಧ್ಯಾಯದಲ್ಲಿದ್ದೇನೆ.